ಹಿಟಾಚಿಯ ಹಲ್ಲಿಗೆ ಮಟ್ಟದ ಲೆಕ್ಕ

ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನೀರು ನಿಂತರೆ ಹೊಸೂರು ರಸ್ತೆ ನಿಲ್ಲುತ್ತದೆ. ಹೊಸೂರು ರಸ್ತೆ ನಿಂತರೆ ಬೊಮ್ಮನಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಆಫೀಸು, ಕಾರ್ಖಾನೆ, ಗಾರ್ಮೆಂಟ್ಸ್ ಪಾಳಿ ಎಲ್ಲವೂ ತಡವಾಗುತ್ತವೆ. 2022ರ ಸೆಪ್ಟೆಂಬರ್ ಮೊದಲ ವಾರ ಸರ್ಜಾಪುರ ರಸ್ತೆ, ಬೆಳ್ಳಂದೂರಿನ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರಗೆ ತಂದದ್ದನ್ನು ನಾವೆಲ್ಲ ನೋಡಿದ್ದೇವೆ. 2025ರ ಮೇ 18ರ ರಾತ್ರಿ ಸುರಿದ ಮಳೆಗೆ ಸಿಲ್ಕ್ ಬೋರ್ಡ್, ಬಿಟಿಎಂ, ಎಚ್‌ಎಸ್‌ಆರ್ ಬಡಾವಣೆಗಳ ತಗ್ಗಿನ ರಸ್ತೆಗಳಲ್ಲಿ ಮತ್ತೆ ನೀರು ನಿಂತಿತು. ಹೀಗಾದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ: ಕೆರೆ ಮುಚ್ಚಿದರು, ರಾಜಕಾಲುವೆ ಒತ್ತುವರಿ ಮಾಡಿದರು. ಎರಡೂ ನಿಜ. ಕೇಳಬೇಕಾದ ಮೂರನೆಯ ಪ್ರಶ್ನೆಯನ್ನು ಮಾತ್ರ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಇರುವ ಕಾಲುವೆಯ ತಳವಾದರೂ ನಕ್ಷೆಯಲ್ಲಿ ಬರೆದ ಇಳಿಜಾರಿನಲ್ಲಿ ಇದೆಯೇ?

ಬೆಂಗಳೂರು ದಿಣ್ಣೆಯ ಮೇಲಿನ ಊರು. ಬಿದ್ದ ಮಳೆ ಮೂರು ಕಣಿವೆಗಳಲ್ಲಿ ಇಳಿದುಹೋಗಬೇಕು: ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ. ಬೊಮ್ಮನಹಳ್ಳಿ ಸೀಮೆಯ ಬಹುಪಾಲು ನೀರು ಈ ಮೂರನೆಯ ಕಣಿವೆಗೆ ಸೇರಿದ್ದು. ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು, ಆಮೇಲೆ ದಕ್ಷಿಣ ಪಿನಾಕಿನಿ. ಒಂದು ಕೆರೆ ಕೋಡಿ ಬಿದ್ದರೆ ಮುಂದಿನ ಕೆರೆಗೆ ನೀರು. ಹಳಬರು ಕಟ್ಟಿದ ಸರಪಳಿ ಅದು. ಈಗ ಆ ಸರಪಳಿಯ ನಡುವೆ ಕಾಂಕ್ರೀಟ್ ಗೋಡೆಯ ಕಾಲುವೆ, ರಸ್ತೆ ಪಕ್ಕದ ಚರಂಡಿ, ಒಳಚರಂಡಿ ಪೈಪು ಬಂದಿವೆ. ಇವುಗಳ ಇಳಿಜಾರು ಕಣ್ಣಿಗೆ ಕಾಣುವಂಥದ್ದಲ್ಲ. 500ಕ್ಕೆ 1ರ ಇಳಿಜಾರು ಎಂದರೆ 100 ಮೀಟರ್ ಉದ್ದಕ್ಕೆ ತಳ ಇಳಿಯುವುದು ಬರೀ 20 ಸೆಂಟಿಮೀಟರ್. ಅಗೆಯುವಾಗ 5 ಸೆಂಟಿಮೀಟರ್ ತಪ್ಪಿದರೆ ಕಾಲು ಭಾಗ ಇಳಿಜಾರು ಹೋಯಿತು. ನಡುವೆ ಒಂದು ಕಡೆ ಹೆಚ್ಚು ಅಗೆದು ಗುಂಡಿಯಾದರೆ ಅಲ್ಲಿ ಹೂಳು ನಿಲ್ಲುತ್ತದೆ, ಹೂಳಿನ ಮೇಲೆ ಪ್ಲಾಸ್ಟಿಕ್, ಪ್ಲಾಸ್ಟಿಕ್ ಮೇಲೆ ಹುಲ್ಲು.

ಒಳಚರಂಡಿಯಲ್ಲಿ ಲೆಕ್ಕ ಇನ್ನೂ ಬಿಗಿ. ಕೇಂದ್ರ ಸರ್ಕಾರದ ಒಳಚರಂಡಿ ಕೈಪಿಡಿಯ ಪ್ರಕಾರ ಸೆಕೆಂಡಿಗೆ 3 ಲೀಟರ್ ಹರಿಯುವ ಸಣ್ಣ ಪೈಪಿಗೆ ಸಾವಿರಕ್ಕೆ 4ರಷ್ಟಾದರೂ ಇಳಿಜಾರು ಬೇಕು. ಸೆಕೆಂಡಿಗೆ 60 ಸೆಂಟಿಮೀಟರ್ ವೇಗದಲ್ಲಿ ಹರಿದರೆ ಮಾತ್ರ ಕೊಳೆ ತಳದಲ್ಲಿ ಕೂರದೆ ಸಾಗುತ್ತದೆ ಎಂಬುದು ಅದರ ಹಿಂದಿನ ತತ್ವ. ಒಂದು ಮ್ಯಾನ್‌ಹೋಲ್‌ನಿಂದ ಇನ್ನೊಂದಕ್ಕೆ 30 ಮೀಟರ್ ಇದ್ದರೆ ಒಟ್ಟು ಇಳಿತ 12 ಸೆಂಟಿಮೀಟರ್, ಅಂದರೆ ಒಂದು ಗೇಣಿಗೂ ಕಡಿಮೆ. 2007ರಲ್ಲಿ ಬೊಮ್ಮನಹಳ್ಳಿ ನಗರಸಭೆ ಬೃಹತ್ ಬೆಂಗಳೂರಿಗೆ ಸೇರಿತು, ಸುತ್ತಲಿನ ಹಳ್ಳಿಗಳೂ ಸೇರಿದವು. ಅಂದಿನಿಂದ ಇಲ್ಲಿನ ಓಣಿಗಳಲ್ಲಿ ಅಗೆತ ನಿಂತದ್ದೇ ಕಡಿಮೆ: ಒಳಚರಂಡಿ, ಕಾವೇರಿ ಪೈಪು, ಕೇಬಲ್, ಗ್ಯಾಸ್. ಇಷ್ಟೊಂದು ಅಗೆಯುವ ಊರಿನಲ್ಲಿ ಹೇಗೆ ಅಗೆಯುತ್ತೇವೆ ಎಂಬುದು ಇಂಜಿನಿಯರುಗಳಿಗಷ್ಟೇ ಬಿಟ್ಟ ವಿಷಯವಾಗಬಾರದು.

ಈಗ ಕೆಲಸ ನಡೆಯುವ ಬಗೆ

ಓಣಿ ಕೆಲಸಕ್ಕೆ ಜೆಸಿಬಿ, ದೊಡ್ಡ ಕಾಲುವೆಗೆ ಹಿಟಾಚಿ. ಚೈನಿನ ಮೇಲೆ ನಿಂತು ಸುತ್ತ ತಿರುಗುವ ಎಕ್ಸ್‌ಕವೇಟರ್ ಯಾವ ಕಂಪನಿಯದಾದರೂ ನಮ್ಮ ಸೈಟ್‌ಗಳಲ್ಲಿ ಹಿಟಾಚಿಯೇ. ಸರ್ವೇಯರ್ ಬೆಳಿಗ್ಗೆ ಬಂದು ಆಟೋ ಲೆವೆಲ್ ಎಂಬ ಮಟ್ಟ ನೋಡುವ ದುರ್ಬೀನು ಇಟ್ಟು, ಎತ್ತರ ಗೊತ್ತಿರುವ ಗುರುತಾದ ಬೆಂಚ್ ಮಾರ್ಕ್‌ನಿಂದ ಮಟ್ಟ ತಂದು, ಗೂಟ ಹೊಡೆದು ದಾರ ಕಟ್ಟುತ್ತಾನೆ. ಯಂತ್ರ ಅಗೆಯುತ್ತಾ ಹೋದಂತೆ ಹೆಲ್ಪರ್ ಸ್ಟಾಫ್ ಎಂಬ ಅಳತೆಕೋಲು ಹಿಡಿದು ಗುಂಡಿಗೆ ಇಳಿಯುತ್ತಾನೆ. ಮೇಲಿನಿಂದ ಓದಿದವರು ಕೂಗುತ್ತಾರೆ: "ಅಣ್ಣಾ, ಇನ್ನೊಂದಿಂಚು ತೆಗಿ." ಆಪರೇಟರ್ ತೆಗೆಯುತ್ತಾನೆ. ಹೆಲ್ಪರ್ ಮತ್ತೆ ಇಳಿಯುತ್ತಾನೆ. "ಜಾಸ್ತಿ ಆಯ್ತಲ್ಲಣ್ಣಾ." ಮಧ್ಯಾಹ್ನದ ಹೊತ್ತಿಗೆ ಬಕೆಟ್ ತಗುಲಿ ಗೂಟ ಬಿದ್ದಿರುತ್ತದೆ, ದಾರ ಕಡಿದಿರುತ್ತದೆ, ಸರ್ವೇಯರ್ ಇನ್ನೊಂದು ಸೈಟ್‌ನಲ್ಲಿರುತ್ತಾನೆ. ಅಲ್ಲಿಂದ ಮುಂದೆ ಕೆಲಸ ಆಪರೇಟರನ ಕಣ್ಣಳತೆಯ ಮೇಲೆ.

ಆ ಕಣ್ಣಳತೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಇಪ್ಪತ್ತು ಟನ್ನಿನ ಯಂತ್ರದ ಬೂಮ್, ಆರ್ಮ್, ಬಕೆಟ್ ಮೂರನ್ನೂ ಎರಡು ಕೈಗಳಿಂದ ಒಟ್ಟಿಗೆ ಆಡಿಸಿ ನೆಲವನ್ನು ಒರೆಸಿದ ಹಾಗೆ ಸಮ ಮಾಡುವ ಆಪರೇಟರುಗಳು ರಾಯಚೂರು, ಯಾದಗಿರಿ, ಬಿಹಾರ, ಜಾರ್ಖಂಡ್‌ಗಳಿಂದ ಬಂದು ಈ ನಗರವನ್ನು ಕಟ್ಟುತ್ತಿದ್ದಾರೆ. ಆದರೆ ಸಮ ಮಾಡುವುದು ಬೇರೆ, ನೂರು ಮೀಟರಿಗೆ ಇಪ್ಪತ್ತು ಸೆಂಟಿಮೀಟರ್ ಇಳಿಸುತ್ತಾ ಸಮ ಮಾಡುವುದು ಬೇರೆ. ಎರಡನೆಯದು ಯಾವ ಕಣ್ಣಿಗೂ ಸಿಗುವುದಿಲ್ಲ. ಹೆಚ್ಚು ಅಗೆದರೆ ಹಾಗೇ ಮಣ್ಣು ತುಂಬಿ ಮುಚ್ಚುವಂತಿಲ್ಲ; ಸಡಿಲ ಮಣ್ಣು ಕುಸಿದು ಪೈಪು ಬಾಗುತ್ತದೆ, ಕಾಂಕ್ರೀಟೇ ತುಂಬಬೇಕು. 3 ಮೀಟರ್ ಅಗಲದ ತಳವನ್ನು 100 ಮೀಟರ್ ಉದ್ದಕ್ಕೆ 5 ಸೆಂಟಿಮೀಟರ್ ಹೆಚ್ಚು ಅಗೆದರೆ 15 ಘನ ಮೀಟರ್ ಕಾಂಕ್ರೀಟ್ ಸುಮ್ಮನೆ ನೆಲದ ಪಾಲು. ಅದಕ್ಕಿಂತ ದೊಡ್ಡ ಅಪಾಯ ಸ್ಟಾಫ್ ಹಿಡಿದು ಗುಂಡಿಗೆ ಇಳಿಯುವ ಹುಡುಗನದು. ಒಂದು ಕಡೆ ಆಧಾರವಿಲ್ಲದ ಮಣ್ಣಿನ ಗೋಡೆ, ತಲೆಯ ಮೇಲೆ ಬಕೆಟ್.

ಬಕೆಟ್ ತುದಿ ಎಲ್ಲಿದೆ?

ಮಷಿನ್ ಗೈಡನ್ಸ್ ಎಂಬ ವ್ಯವಸ್ಥೆ ಉತ್ತರ ಕೊಡುವುದು ಇದೊಂದೇ ಪ್ರಶ್ನೆಗೆ. ಯಂತ್ರದ ಮೈ, ಬೂಮ್, ಆರ್ಮ್, ಬಕೆಟ್ ನಾಲ್ಕಕ್ಕೂ ಬಾಗನ್ನು ಅಳೆಯುವ ಸೆನ್ಸರ್ ಕೂರಿಸುತ್ತಾರೆ. ಪ್ರತಿ ಭಾಗದ ಉದ್ದ ಪಿನ್ನಿನಿಂದ ಪಿನ್ನಿಗೆ ಅಳೆದು ಮೊದಲೇ ಕಂಪ್ಯೂಟರಿಗೆ ಕೊಟ್ಟಿರುತ್ತಾರೆ. ಉದ್ದ ಗೊತ್ತು, ಬಾಗು ಗೊತ್ತು. ಉಳಿದದ್ದು ಹೈಸ್ಕೂಲಿನಲ್ಲಿ ಕಲಿತ ತ್ರಿಕೋನಮಿತಿ. ಬಕೆಟ್ಟಿನ ಹಲ್ಲು ಎಷ್ಟು ಆಳದಲ್ಲಿದೆ ಎಂಬುದು ಕ್ಯಾಬಿನ್ನಿನ ಪರದೆಯ ಮೇಲೆ ಕ್ಷಣಕ್ಷಣಕ್ಕೂ ಬರುತ್ತದೆ. ಇನ್ನೂ ಇಷ್ಟು ಅಗೆ, ಸಾಕು, ಹೆಚ್ಚಾಯಿತು ಎಂಬುದನ್ನು ಬಣ್ಣ ಅಥವಾ ಬೀಪ್ ಸದ್ದು ಹೇಳುತ್ತದೆ.

ಇದರಲ್ಲಿ ಎರಡು ಬಗೆ. 2ಡಿ ವ್ಯವಸ್ಥೆಗೆ ತಾನು ಊರಿನ ಯಾವ ಮೂಲೆಯಲ್ಲಿದ್ದೇನೆ ಎಂಬುದು ತಿಳಿಯದು. ಆಪರೇಟರ್ ಬಕೆಟ್ ಹಲ್ಲನ್ನು ಗೊತ್ತಿರುವ ಒಂದು ಬಿಂದುವಿಗೆ ತಾಗಿಸಿ, 'ಇಲ್ಲಿಂದ ಒಂದೂವರೆ ಮೀಟರ್ ಕೆಳಗೆ, 250ಕ್ಕೆ 1ರ ಇಳಿಜಾರು' ಎಂದು ಕೊಟ್ಟರೆ ಅಲ್ಲಿಂದ ಲೆಕ್ಕ ಹಿಡಿಯುತ್ತದೆ. ಯಂತ್ರ ಚೈನಿನ ಮೇಲೆ ಮುಂದೆ ಸರಿದರೆ ಮತ್ತೆ ಬಿಂದು ತಾಗಿಸಬೇಕು, ಇಲ್ಲವೇ ಸುತ್ತುವ ಲೇಸರನ್ನು ಆರ್ಮ್ ಮೇಲಿನ ರಿಸೀವರ್ ಹಿಡಿಯಬೇಕು. 3ಡಿ ವ್ಯವಸ್ಥೆಯಲ್ಲಿ ಯಂತ್ರದ ಹಿಂಭಾಗದಲ್ಲಿ ಎರಡು ಉಪಗ್ರಹ ಆಂಟೆನಾ ನಿಂತಿರುತ್ತವೆ. ಒಂದರಿಂದ ಸ್ಥಾನ, ಎರಡೂ ಸೇರಿ ದಿಕ್ಕು. ಇಡೀ ಕಾಲುವೆಯ ವಿನ್ಯಾಸ ಫೈಲ್ ಆಗಿ ಒಳಗಿರುತ್ತದೆ. ಯಂತ್ರ ಎಲ್ಲಿಗೆ ಸರಿದರೂ ಕಾಲಡಿಯ ವಿನ್ಯಾಸ ಮಟ್ಟ ಪರದೆಯ ಮೇಲೆ ಬರುತ್ತದೆ, ಗೂಟವೂ ಬೇಡ ದಾರವೂ ಬೇಡ.

ಮೊಬೈಲಿನ ಜಿಪಿಎಸ್ ನಮ್ಮನ್ನು ಪಕ್ಕದ ರಸ್ತೆಯಲ್ಲಿ ತೋರಿಸುವಾಗ ಇದು ಸೆಂಟಿಮೀಟರ್ ಹೇಗೆ ಹೇಳುತ್ತದೆ? ಇದೇ ಹೊರವಲಯದ ಕುಂದಲಹಳ್ಳಿಯಲ್ಲಿ, ವೈಟ್‌ಫೀಲ್ಡ್ ದಾರಿಯಲ್ಲಿ, ಗಗನ್ ವ್ಯವಸ್ಥೆಯ ನಿಯಂತ್ರಣ ಕೇಂದ್ರವಿದೆ. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಕಟ್ಟಿದ ಅದು ಉಪಗ್ರಹ ಸಂಕೇತವನ್ನು ತಿದ್ದಿ ವಿಮಾನಗಳಿಗೆ ಕೊಡುತ್ತದೆ. ಅದರ ನಿಖರತೆ ಮೀಟರ್ ಲೆಕ್ಕದ್ದು; ರನ್‌ವೇಗೆ ಅದು ಸಾಕು, ಚರಂಡಿಗೆ ಸಾಲದು. ಚರಂಡಿಗೆ ಬೇಕಾದ್ದು ಆರ್‌ಟಿಕೆ. ಸ್ಥಾನ ಖಚಿತವಾಗಿ ಗೊತ್ತಿರುವ ಒಂದು ಬಿಂದುವಿನಲ್ಲಿ ಇನ್ನೊಂದು ರಿಸೀವರ್ ಕೂರಿಸಿ, ಅಲ್ಲಿ ಕಂಡ ದೋಷವನ್ನು ರೇಡಿಯೊ ಅಥವಾ ಸಿಮ್ ಮೂಲಕ ಯಂತ್ರಕ್ಕೆ ಕಳಿಸುತ್ತಾರೆ. ಹಾಗೆ ಮಾಡಿದರೆ ಎತ್ತರದಲ್ಲಿ ಎರಡು ಮೂರು ಸೆಂಟಿಮೀಟರ್ ಒಳಗೆ ನಿಲ್ಲುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆ ಕರ್ನಾಟಕದಲ್ಲೂ ಸದಾ ಚಾಲೂ ಇರುವ ಇಂಥ ನಿಲ್ದಾಣಗಳ ಜಾಲ ಹಾಕಿದೆ, ಅದರ ಹೆಸರು ಕೋರ್ಸ್. ಭೂಮಾಪನಕ್ಕೆಂದು ಬಂದ ಆ ಜಾಲ ಅಗೆತಕ್ಕೂ ಉಪಯೋಗಕ್ಕೆ ಬರುತ್ತದೆ.

ಯಂತ್ರ ಮಟ್ಟ ತೋರಿಸುವುದಕ್ಕಷ್ಟೇ ನಿಂತಿಲ್ಲ. ಕೊಮಾಟ್ಸು ಕಂಪನಿ ಕಳೆದ ದಶಕದ ನಡುವೆಯೇ ವಿನ್ಯಾಸ ಮಟ್ಟ ಮುಟ್ಟಿದೊಡನೆ ಬಕೆಟ್ಟನ್ನು ತಾನೇ ತಡೆಯುವ ಎಕ್ಸ್‌ಕವೇಟರ್ ತಂದಿತು. ಕ್ಯಾಟರ್‌ಪಿಲ್ಲರ್ 2017ರ ಹೊಸ 320 ಮಾದರಿಯಲ್ಲಿ 2ಡಿ ವ್ಯವಸ್ಥೆಯನ್ನು ಯಂತ್ರದ ಜೊತೆಗೇ ಕೊಟ್ಟಿತು. ಜಪಾನ್ ಸರ್ಕಾರ 2016ರಿಂದ ಐ-ಕನ್‌ಸ್ಟ್ರಕ್ಷನ್ ಎಂಬ ಹೆಸರಿನಲ್ಲಿ ಸಾರ್ವಜನಿಕ ಮಣ್ಣಿನ ಕೆಲಸಗಳಿಗೆ ಇದನ್ನೆಲ್ಲ ತಂದಿತು. ಕಟ್ಟಡ ಕೆಲಸಕ್ಕೆ ಯುವಕರು ಸಿಗದಿರುವುದು ಅಲ್ಲಿನ ಒತ್ತಡ. ನಮ್ಮಲ್ಲಿ ಯಂತ್ರಕ್ಕೆ ಕೊರತೆಯಿಲ್ಲ. ವೋಲ್ವೊದ ನಿರ್ಮಾಣ ಯಂತ್ರಗಳ ಕಾರ್ಖಾನೆ ಪೀಣ್ಯದಲ್ಲಿದೆ, ಟಾಟಾ ಹಿಟಾಚಿಯದು ಧಾರವಾಡದಲ್ಲಿ, ಬಿಇಎಂಎಲ್ ಕೆಜಿಎಫ್‌ನಲ್ಲಿ. ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಎಕ್ಸ್‌ಕಾನ್ ಮೇಳಕ್ಕೆ ದೇಶವೇ ಬರುತ್ತದೆ. ಯಂತ್ರ ತಯಾರಾಗುವ ಊರಿನಲ್ಲೇ ಚರಂಡಿಯ ಮಟ್ಟ ದಾರದ ಮೇಲೆ ನಿಂತಿದೆ ಎಂಬುದು ನನಗೆ ನೋವಿನ ಸಂಗತಿ. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ರೈತರು ಲೇಸರ್ ಲೆವೆಲರ್ ಬಾಡಿಗೆಗೆ ತಂದು ಗದ್ದೆ ಮಟ್ಟ ಮಾಡಿಸುತ್ತಾರೆ. ಗದ್ದೆಯಲ್ಲಿ ನೀರು ಸಮನಾಗಿ ನಿಲ್ಲಬೇಕು, ಇಲ್ಲಿ ಸಮನಾಗಿ ಹರಿಯಬೇಕು. ಎರಡಕ್ಕೂ ಬೇಕಾದ್ದು ಸೆಂಟಿಮೀಟರ್ ಲೆಕ್ಕವೇ.

ಫ್ಲೈಓವರ್ ಕೆಳಗೆ ಉಪಗ್ರಹ ಕಾಣದು

ಈ ವ್ಯವಸ್ಥೆಯನ್ನು ಬೊಮ್ಮನಹಳ್ಳಿಗೆ ತಂದ ತಕ್ಷಣ ಮೊದಲ ತೊಡಕು ಎದುರಾಗುತ್ತದೆ. 2010ರಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿ ಎತ್ತರಿಸಿದ ರಸ್ತೆ ಸುಮಾರು 10 ಕಿಲೋಮೀಟರ್ ಉದ್ದಕ್ಕೆ ಹೊಸೂರು ರಸ್ತೆಯ ಮೇಲೆ ಚಾಚಿದೆ. ಅದರ ಜೊತೆಗೆ 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಮೆಟ್ರೊ ಹಳದಿ ಮಾರ್ಗದ ಮೇಲ್ಸೇತುವೆಯೂ ಬೊಮ್ಮನಹಳ್ಳಿ, ಹೊಂಗಸಂದ್ರ, ಕೂಡ್ಲು ಗೇಟ್ ದಾಟಿ ಬೊಮ್ಮಸಂದ್ರಕ್ಕೆ ಹೋಗುತ್ತದೆ. ಇವುಗಳ ನೆರಳಿನಲ್ಲಿ ಚರಂಡಿ ಅಗೆಯುವ ಯಂತ್ರಕ್ಕೆ ಆಕಾಶ ಅರ್ಧ ಮಾತ್ರ, ಕೆಲವೆಡೆ ಅದೂ ಇಲ್ಲ. ಗಾಜಿನ ಕಟ್ಟಡಗಳಿಗೆ ಬಡಿದು ಬಂದ ಸಂಕೇತ ರಿಸೀವರಿಗೆ ತಪ್ಪು ದೂರ ಹೇಳುತ್ತದೆ. ಪರದೆಯ ಮೇಲೆ ಸಂಖ್ಯೆ ಮಾತ್ರ ಬಂದೇ ಬರುತ್ತದೆ; ಅದನ್ನು ನಂಬಬೇಕೋ ಬೇಡವೋ ಎಂಬುದು ಅರಿತವನಿಗಷ್ಟೇ ತಿಳಿಯುತ್ತದೆ. ಇಂಥ ಕಡೆ ದಾರಿ ಎರಡು. ಯಂತ್ರದ ಮೇಲೆ ಪ್ರಿಸಂ ಕೂರಿಸಿ, ತಾನಾಗಿ ತಿರುಗಿ ಅದನ್ನು ಹಿಂಬಾಲಿಸುವ ರೋಬಾಟಿಕ್ ಟೋಟಲ್ ಸ್ಟೇಷನ್ ಎಂಬ ಅಳತೆ ಉಪಕರಣ ಬಳಸುವುದು ಒಂದು. ಅದು ದುಬಾರಿ, ಮೇಲಾಗಿ ನಡುವೆ ಬಸ್ಸು ಅಡ್ಡ ಬಂದರೆ ಕಣ್ಣು ತಪ್ಪುತ್ತದೆ. ಇನ್ನೊಂದು 2ಡಿ ಮತ್ತು ಲೇಸರ್. ಬೊಮ್ಮನಹಳ್ಳಿಯ ಇಕ್ಕಟ್ಟಿನ ರಸ್ತೆಗಳಿಗೆ ಮೊದಲು ಬರಬೇಕಾದ್ದು ಈ ಎರಡನೆಯದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಕೆರೆ ಹೂಳೆತ್ತುವುದು, ದೊಡ್ಡ ರಾಜಕಾಲುವೆ, ಬಡಾವಣೆಯ ನೆಲ ಮಟ್ಟ ಮಾಡುವುದು, ಇವು ಆಕಾಶ ತೆರೆದಿರುವ ಕೆಲಸಗಳು. 3ಡಿ ಅಲ್ಲಿಗೆ ಬರಲಿ.

ಎರಡನೆಯ ತೊಡಕು ನೆಲದೊಳಗಿನದು, ಅದು ಹೆಚ್ಚು ಸೋಜಿಗದ್ದು. ಉಪಗ್ರಹ ಎತ್ತರವನ್ನು ಅಳೆಯುವುದು ಸಮುದ್ರಮಟ್ಟದಿಂದಲ್ಲ, ಭೂಮಿಯ ಆಕಾರಕ್ಕೆಂದು ಗಣಿತಜ್ಞರು ಒಪ್ಪಿಕೊಂಡ ನಯವಾದ ಒಂದು ಅಂಡಗೋಳದ ಮೈಯಿಂದ. ದಕ್ಷಿಣ ಭಾರತದ ಸುತ್ತ ಗುರುತ್ವ ದುರ್ಬಲ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದ ಮಟ್ಟ ಆ ಅಂಡಗೋಳಕ್ಕಿಂತ ನೂರು ಮೀಟರಿಗೂ ಹೆಚ್ಚು ತಗ್ಗಿದೆ. ಆ ತಗ್ಗು ಹೇಗೆ ಬಂತು ಎಂಬುದಕ್ಕೆ 2023ರಲ್ಲಿ ವಿವರಣೆ ಕೊಟ್ಟವರು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯಿ ಘೋಷ್. ಅದರ ಪರಿಣಾಮ ಬೆಂಗಳೂರಿನ ಅಗೆತಕ್ಕೂ ತಟ್ಟುತ್ತದೆ. ತಿದ್ದದೆ ಓದಿದರೆ ಉಪಗ್ರಹ ಬೆಂಗಳೂರಿನ ಎತ್ತರವನ್ನು ಸುಮಾರು 86 ಮೀಟರ್ ಕಡಿಮೆ ಹೇಳುತ್ತದೆ. ಈ ವ್ಯತ್ಯಾಸ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಊರಿನ ಒಂದು ತುದಿಯಿಂದ ಇನ್ನೊಂದಕ್ಕೆ ಮೆಲ್ಲಗೆ ಬದಲಾಗುತ್ತದೆ. 86 ಮೀಟರಿನ ತಪ್ಪನ್ನು ಯಾರಾದರೂ ಕಂಡುಹಿಡಿಯುತ್ತಾರೆ. ಕಣ್ಣಿಗೆ ಬೀಳದೆ ಚರಂಡಿಯನ್ನು ಹಾಳು ಮಾಡುವುದು ಈ ಮೆಲ್ಲಗಿನ ಬದಲಾವಣೆ. ಆದ್ದರಿಂದ ಪ್ರತಿ ಸೈಟ್‌ನಲ್ಲೂ ಸುತ್ತಲಿನ ನಾಲ್ಕೈದು ನಂಬಿಕಸ್ತ ಬೆಂಚ್ ಮಾರ್ಕ್‌ಗಳಿಗೆ ಯಂತ್ರದ ಲೆಕ್ಕವನ್ನು ಹೊಂದಿಸಲೇಬೇಕು. ಸಮಸ್ಯೆ ಏನೆಂದರೆ ಆ ಬೆಂಚ್ ಮಾರ್ಕ್‌ಗಳೇ ಉಳಿಯುವುದಿಲ್ಲ. ಗುತ್ತಿಗೆದಾರ ಅಂಗಡಿಯ ಮೆಟ್ಟಿಲಿಗೆ ಕೆಂಪು ಬಣ್ಣದಲ್ಲಿ ಗುರುತು ಹಾಕುತ್ತಾನೆ. ಅಂಗಡಿಯವರು ಮೆಟ್ಟಿಲಿಗೆ ಗ್ರಾನೈಟ್ ಹೊದಿಸುತ್ತಾರೆ. ಮುಂದಿನ ಗುತ್ತಿಗೆದಾರ ತನ್ನದೇ ಬೇರೆ ಗುರುತಿನಿಂದ ಶುರು ಮಾಡುತ್ತಾನೆ. ಎರಡು ಪ್ಯಾಕೇಜುಗಳ ಚರಂಡಿ ಕೂಡುವ ಜಾಗದಲ್ಲಿ ತಳ ಮೆಟ್ಟಿಲಾಗುತ್ತದೆ.

ಮೂರನೆಯದು ಸಣ್ಣದು, ಆದರೆ ದಿನನಿತ್ಯದ್ದು. ಬೊಮ್ಮನಹಳ್ಳಿಯ ನೆಲ ಮೇಲೆ ಕೆಂಪು ಮಣ್ಣು, ಕೆಳಗೆ ಮೊರಂ, ಅದರಡಿ ಬಂಡೆ. ಬಂಡೆ ಕೆರೆದು ಬಕೆಟ್ಟಿನ ಹಲ್ಲು ಸವೆಯುತ್ತದೆ. ಹಲ್ಲು ಎರಡು ಸೆಂಟಿಮೀಟರ್ ಸವೆದರೆ, ಕಂಪ್ಯೂಟರ್ ನಂಬಿರುವ ತುದಿಗೂ ನಿಜವಾದ ತುದಿಗೂ ಅಷ್ಟೇ ಅಂತರ. ಪಿನ್ನು ಬುಶ್ಶು ಸಡಿಲವಾದರೂ ಹಾಗೆಯೇ. ಬಾಗಿನ ಓದಿನಲ್ಲಿ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿದರೆ 9 ಮೀಟರ್ ದೂರ ಚಾಚಿದ ಬಕೆಟ್ ತುದಿಯಲ್ಲಿ ಒಂದೂವರೆ ಸೆಂಟಿಮೀಟರ್ ತಪ್ಪು. ಬೆಳಿಗ್ಗೆ ಕೆಲಸ ಶುರು ಮಾಡುವ ಮುನ್ನ ಹಲ್ಲನ್ನು ಗೊತ್ತಿರುವ ಬಿಂದುವಿಗೆ ತಾಗಿಸಿ ಪರದೆ ನಿಜ ಹೇಳುತ್ತಿದೆಯೇ ಎಂದು ನೋಡುವುದು, ಬಕೆಟ್ ಬದಲಿಸಿದಾಗ ಹೊಸ ಅಳತೆ ಕೊಡುವುದು, ಕೊನೆಯ ಪದರಕ್ಕೆ ಹಲ್ಲಿಲ್ಲದ ಅಗಲ ಬಕೆಟ್ ಹಾಕುವುದು: ಇಷ್ಟು ಶಿಸ್ತು ಇಲ್ಲದಿದ್ದರೆ ಲಕ್ಷಗಟ್ಟಲೆ ಕೊಟ್ಟು ತಂದ ಕಿಟ್ ತಪ್ಪನ್ನೇ ಬಲು ನಿಖರವಾಗಿ ಅಗೆಯುತ್ತದೆ.

ಆಪರೇಟರ್ ಏನಾಗುತ್ತಾನೆ?

ಯಂತ್ರ ಮಟ್ಟ ಹೇಳಿದರೆ ಆಪರೇಟರಿಗೆ ಬೆಲೆ ಇರುತ್ತದೆಯೇ ಎಂದು ಕೇಳುವವರಿದ್ದಾರೆ. ಬೆಲೆ ಹೆಚ್ಚುತ್ತದೆ ಎನ್ನುತ್ತೇನೆ. ಕಣ್ಣಳತೆ ಗಟ್ಟಿಯಿರುವವನ ಕೈಗೆ ಪರದೆ ಸಿಕ್ಕರೆ, ಹತ್ತು ಸಲ ಇಳಿದು ಹತ್ತುವ ಕೆಲಸ ತಪ್ಪಿ ಒಂದೇ ಸಲಕ್ಕೆ ತಳ ಮುಗಿಯುತ್ತದೆ. ಹೊಸಬ ಬೇಗ ಕಲಿಯುತ್ತಾನೆ. ಸ್ಟಾಫ್ ಹಿಡಿಯುವ ಹುಡುಗ ಗುಂಡಿಯಿಂದ ಹೊರಗೆ ಬರುತ್ತಾನೆ, ಅವನಿಗೆ ರೋವರ್ ಎಂಬ ಕೈ ರಿಸೀವರ್ ಹಿಡಿದು ಮಟ್ಟ ತಾಳೆ ನೋಡುವುದನ್ನು ಕಲಿಸಬಹುದು. ಕೂಲಿಯ ಕೆಲಸ ಕಸುಬಾಗುತ್ತದೆ. ಆದರೆ ಕಲಿಸುವವರು ಯಾರು? ಗಂಟೆ ಲೆಕ್ಕದ ಬಾಡಿಗೆಯಲ್ಲಿ ಓಡುವ ಯಂತ್ರದ ಮಾಲೀಕನಿಗೆ ಬೇಗ ಮುಗಿದಷ್ಟೂ ನಷ್ಟ. ಇದು ತಂತ್ರಜ್ಞಾನದ ತೊಡಕಲ್ಲ, ನಾವು ಹಣ ಕೊಡುವ ರೀತಿಯ ತೊಡಕು. ಗಂಟೆಗೆ ಕೊಡುವ ಬದಲು ಮಟ್ಟ ಸರಿಯಿರುವ ಮೀಟರಿಗೆ ಕೊಟ್ಟರೆ ಮಾಲೀಕನೇ ಕಿಟ್ ಹುಡುಕಿಕೊಂಡು ಬರುತ್ತಾನೆ. ಪರದೆಯ ಪದಗಳು ಕನ್ನಡ, ಹಿಂದಿಗಳಲ್ಲಿ ಇರಬೇಕೆಂದು ಖರೀದಿ ಮಾಡುವವರು ಪಟ್ಟು ಹಿಡಿಯಬೇಕು.

ಹೆದ್ದಾರಿಗಳಲ್ಲಿ ಈ ಮಾತು ಆಗಲೇ ಶುರುವಾಗಿದೆ. ಕೇಂದ್ರ ಹೆದ್ದಾರಿ ಸಚಿವಾಲಯ 63 ಕಿಲೋಮೀಟರಿನ ಲಖನೌ–ಕಾನ್ಪುರ ಎಕ್ಸ್‌ಪ್ರೆಸ್‌ವೇಯಲ್ಲಿ ಜಿಪಿಎಸ್ ನೆರವಿನ ಮೋಟರ್ ಗ್ರೇಡರ್, ಮಣ್ಣು ಎಷ್ಟು ಗಟ್ಟಿಯಾಯಿತೆಂದು ತಾನೇ ಅಳೆಯುವ ರೋಲರ್, ದಾರವಿಲ್ಲದೆ ಓಡುವ ಪೇವರ್‌ಗಳನ್ನು ಪ್ರಯೋಗಕ್ಕೆ ಹಚ್ಚಿ, 2024ರಲ್ಲಿ ಇಂಥ ಯಂತ್ರ ನಿರ್ಮಾಣದ ಕರಡು ನೀತಿಯನ್ನೂ ಹೊರತಂದಿತು. ಎಕ್ಸ್‌ಪ್ರೆಸ್‌ವೇಯಲ್ಲಿ ಮಟ್ಟ ತಪ್ಪಿದರೆ ಕಾರು ಕುಲುಕುತ್ತದೆ. ನಗರದ ಕಾಲುವೆಯಲ್ಲಿ ತಪ್ಪಿದರೆ ಕೊಳಚೆ ನೀರು ನೆಲಮಹಡಿಯ ಅಡುಗೆಮನೆಗೆ ಬರುತ್ತದೆ. ಹೆಚ್ಚು ಅವಸರ ಎಲ್ಲಿದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಲಾಭ ದಾಖಲೆಯದು. 3ಡಿ ಯಂತ್ರ ಅಗೆಯುತ್ತಲೇ ತನ್ನ ಹಲ್ಲು ಎಲ್ಲಿಯವರೆಗೆ ಹೋಯಿತೆಂದು ಬರೆದಿಟ್ಟುಕೊಳ್ಳಬಲ್ಲದು. ಕಾಂಕ್ರೀಟ್ ಬಿದ್ದ ಮೇಲೆ ತಳ ಎಷ್ಟಿತ್ತು ಎಂದು ವಾದ ಮಾಡಬೇಕಿಲ್ಲ. ನೆಲದಡಿಯ ಪೈಪು, ಕೇಬಲ್‌ಗಳ ಜಾಗ ಫೈಲಿನಲ್ಲಿದ್ದರೆ ಅವುಗಳ ಹತ್ತಿರ ಬಂದಾಗ ಎಚ್ಚರಿಸುವ ವ್ಯವಸ್ಥೆಗಳೂ ಇವೆ. ಅಗೆಯುವ ಮುನ್ನ ತಿಳಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತಂದಿದೆ. ಆ ಮಾಹಿತಿ ಆಪರೇಟರನ ಪರದೆಗೆ ಬರುವವರೆಗೆ ಬಕೆಟ್ ಕಾವೇರಿ ಪೈಪನ್ನು ಹುಡುಕಿಕೊಂಡು ಹೋಗುವುದು ತಪ್ಪುವುದಿಲ್ಲ.

ಪಾಲಿಕೆಯ ಇಂಜಿನಿಯರುಗಳಿಗೆ, ಜಲಮಂಡಳಿಗೆ ನನ್ನ ಬೇಡಿಕೆ ಇಷ್ಟು. ಬೊಮ್ಮನಹಳ್ಳಿಯ ಪ್ರತಿ ವಾರ್ಡಿನಲ್ಲಿ ಯಾರೂ ಕೀಳಲಾಗದ ಕಾಂಕ್ರೀಟ್ ಬೆಂಚ್ ಮಾರ್ಕ್ ನೆಡಿ, ಅದರ ಎತ್ತರವನ್ನು ಸಾರ್ವಜನಿಕವಾಗಿ ಪ್ರಕಟಿಸಿ. ರಾಜಕಾಲುವೆ ಮತ್ತು ಒಳಚರಂಡಿ ಟೆಂಡರುಗಳಲ್ಲಿ ತಳದ ಮಟ್ಟಕ್ಕೆ ಎಷ್ಟು ತಪ್ಪು ಒಪ್ಪಿಗೆ ಎಂದು ಬರೆಯಿರಿ, ಕಾಂಕ್ರೀಟ್ ಹಾಕುವ ಮುನ್ನ ಆ ಮಟ್ಟದ ದಾಖಲೆ ಕೊಡದವರ ಬಿಲ್ ತಡೆಯಿರಿ. ದಾಖಲೆ ಕಡ್ಡಾಯವಾದ ದಿನ ಯಂತ್ರಕ್ಕೆ ಗೈಡನ್ಸ್ ಕಿಟ್ ಹಾಕಿ ಎಂದು ಯಾರಿಗೂ ಹೇಳಬೇಕಾಗುವುದಿಲ್ಲ. ನಿಮ್ಮ ಬೀದಿಯಲ್ಲಿ ಹಿಟಾಚಿ ಬಂದು ನಿಂತರೆ ನೀವೂ ಹೋಗಿ ಸೈಟ್ ಇಂಜಿನಿಯರನ್ನು ಕೇಳಿ: ಇಳಿಜಾರು ಎಷ್ಟು, ಬೆಂಚ್ ಮಾರ್ಕ್ ಎಲ್ಲಿದೆ, ಇವತ್ತು ಬೆಳಿಗ್ಗೆ ಮಟ್ಟ ತಾಳೆ ನೋಡಿದಿರಾ? ಗುಂಡಿ ಮುಚ್ಚುವ ಮೊದಲೇ ಕೇಳಿ.